ದೊಡ್ಡವ್ವ ಹೆಣೆದ ಎಡಗೈ ತೋಳು

ನಮ್ಮ ದೊಡ್ಡವ್ವನ ಜೊತೆ ಜಗಳಕ್ಕೆ ಇಳಿಯುವವರು ಮೊದಲು ತಮ್ಮ ಮೈಮೇಲೆ ಏನಿದೆ ಎಂದು ನೋಡಿಕೊಳ್ಳಬೇಕು. ಸ್ವೆಟರ್ ಇದ್ದರೆ ಬಾಯಿ ಮುಚ್ಚಿಕೊಂಡು ಬರುವುದೇ ಕ್ಷೇಮ!

ಈಕೆ ನಮ್ಮ ಅವ್ವನ ಅಕ್ಕ. ಬೆಟಗೇರಿಯ ಏಪ್ರಿಲ್ ಬಿಸಿಲಿನಲ್ಲಿ, ಜನ ಬನಿಯನ್ ಕೂಡ ಭಾರ ಅನ್ನುವಾಗ, ಕಟ್ಟೆಯ ಮೇಲೆ ಕೂತು ಉಣ್ಣೆ ಹೆಣೆಯುವ ಹೆಂಗಸನ್ನು ಎಲ್ಲಾದರೂ ಕಂಡಿದ್ದೀರಾ? ಬಂಧುಬಳಗದಲ್ಲಿ ಅವಳ ಸ್ವೆಟರ್ ತೊಡದವರಿಲ್ಲ. ಆದರೆ ಒಂದು ಷರತ್ತು. ಅವಳೊಂದಿಗೆ ಮಾತು ಬಿಟ್ಟವರು ಸ್ವೆಟರ್ ವಾಪಸ್ ಕೊಡಬೇಕು. ಅದನ್ನು ಬಿಚ್ಚಿ, ದಾರ ತೊಳೆದು, ಉಂಡೆ ಸುತ್ತಿ ಬೇರೆಯವರಿಗೆ ಹೆಣೆಯುತ್ತಾಳೆ. ಬಿಚ್ಚಲು ಸುಲಭವಾಗಲೆಂದೇ ಎಲ್ಲವನ್ನೂ ಹೆಗಲಿನಿಂದ ಕೆಳಕ್ಕೆ ಹೆಣೆಯುವುದು! ಲಕ್ಷ್ಮೇಶ್ವರದ ಮಾವ ಒಮ್ಮೆ ಪಲ್ಯದಲ್ಲಿ ಉಪ್ಪು ಕಡಿಮೆ ಅಂದುಬಿಟ್ಟ. ಅವನ ನೀಲಿ ಸ್ವೆಟರ್ ಶಿರಹಟ್ಟಿಯ ಮೂರು ಮಕ್ಕಳ ಟೋಪಿಯಾಯಿತು. ಆ ಮಕ್ಕಳ ತಲೆ ಕಂಡರೆ ಮಾವ ಈಗಲೂ ನಿಟ್ಟುಸಿರು ಬಿಡುತ್ತಾನೆ.

ವಾಪಸ್ ಕೊಡದವಳು ನಮ್ಮ ಅವ್ವ ಒಬ್ಬಳೇ. ಮೂರು ವರ್ಷದ ಹಿಂದೆ ಒಂದು ತೊಟ್ಟಿಲು ಕಾರ್ಯದಲ್ಲಿ, ನಾಲ್ಕು ಜನರೆದುರು, "ಅಕ್ಕಾ, ಎಡಗೈ ತೋಳು ಎರಡು ಬೆರಳು ಗಿಡ್ಡ ಆಗೇತಿ ನೋಡು" ಅಂದಳು. ಅಷ್ಟೇ! ಮಾತು ನಿಂತಿತು. ದೊಡ್ಡವ್ವ ಬೆಟಗೇರಿಯಿಂದ, "ಸ್ವೆಟರ್ ಕಳಸು" ಅಂತ ಹೇಳಿ ಕಳಿಸಿದಳು. ಅವ್ವ ಮುಂಡರಗಿಯಿಂದ, "ಬೇಕಾದವರು ಬಂದು ಒಯ್ಲಿ" ಅಂತ ಹೇಳಿ ಕಳಿಸಿದಳು. ಇವೆರಡು ಮಾತು ಹೊತ್ತು ನನ್ನ ಬೈಕಿನ ಟೈರು ಸವೆಯಿತು.

ಹೋದ ಡಿಸೆಂಬರ್‌ನಲ್ಲಿ ಗದುಗಿನ ಡಾಕ್ಟರು ಅವ್ವನ ಹೊಟ್ಟೆಯಲ್ಲಿ ಗಡ್ಡೆ ಇದೆ, ಆಪರೇಷನ್ ಆಗಬೇಕು ಅಂದರು. ನನಗೆ ಗಡ್ಡೆಯ ಭಯ ಒಂದಾದರೆ ಅದಕ್ಕಿಂತ ದೊಡ್ಡದು ಇನ್ನೊಂದು. ಅಕ್ಕನ ಜೊತೆ ಮಾತಾಡದೆ ಒಳಗೆ ಹೋದ ಅವ್ವ ಹೊರಗೆ ಬರದೇ ಹೋದರೆ? ದೊಡ್ಡವ್ವನಿಗೆ ಫೋನ್ ಮಾಡಿದೆ. "ಆತು" ಅಂದು ಇಟ್ಟುಬಿಟ್ಟಳು. ಬರುತ್ತಾಳೋ ಇಲ್ಲವೋ, ಇದರಲ್ಲಿ ಏನು ತಿಳಿಯಬೇಕು?

ಆಪರೇಷನ್ ದಿನ ಅವ್ವನನ್ನು ಒಯ್ಯಲು ಸ್ಟ್ರೆಚರ್ ಬಂದಾಗಲೇ ಅವಳೂ ಬಂದಳು. ಕೈಯಲ್ಲಿ ಚೀಲ, ಚೀಲದಲ್ಲಿ ಹೆಣಿಗೆ ಕಡ್ಡಿ.

"ನನ್ನ ಸ್ವೆಟರ್ ಕೊಡು."

ಅವ್ವ ಅವಳನ್ನೇ ನೋಡಿದಳು. ದಿಂಬಿನ ಕೆಳಗಿಂದ ಆ ಕಂದು ಸ್ವೆಟರ್ ಎಳೆದು, "ತೊಗೊ" ಅಂದಳು. ಮೂರು ವರ್ಷದ ಮೇಲೆ ಇಷ್ಟೇ ಮಾತು. ಸ್ಟ್ರೆಚರ್ ಒಳಗೆ ಹೋಗಿ ಬಾಗಿಲು ಮುಚ್ಚಿತು.

ಡಾಕ್ಟರು ಒಂದು ತಾಸು ಅಂದಿದ್ದರು. ದೊಡ್ಡವ್ವ ಬೆಂಚಿನ ಮೇಲೆ ಕೂತವಳೇ ಎಡಗೈ ತೋಳಿನ ಅಂಚು ಬಿಚ್ಚತೊಡಗಿದಳು. ಎಂಥ ಕಲ್ಲು ಮನಸ್ಸು! ನನಗೆ ಸಿಟ್ಟು ನೆತ್ತಿಗೇರಿತು. ಅಷ್ಟರಲ್ಲಿ ಕಡ್ಡಿಗಳು ಆಡಿದವು. ಅವಳು ಗಿಡ್ಡ ತೋಳನ್ನು ಉದ್ದ ಮಾಡುತ್ತಿದ್ದಳು. ಸ್ವಲ್ಪ ಹೊತ್ತಿಗೇ ದಾರ ಸಾಲದೆ, ಅವಳ ಕಣ್ಣು ಅವಳೇ ಹೆಣೆದ ನನ್ನ ಹಸಿರು ಸ್ವೆಟರ್ ಮೇಲೆ ಬಿತ್ತು.

"ಲೇ ತಮ್ಮಾ, ಇಲ್ಲಿ ಬಂದು ನಿಂದ್ರು. ತಿರುಗು."

"ದೊಡ್ಡವ್ವಾ, ಮೈಮ್ಯಾಗ ಐತಿ!"

"ಇರಲಿ. ನಿನ್ನ ಚರ್ಮಾ ಏನ್ ಬಿಚ್ಚಂಗಿಲ್ಲ."

ಅವಳು ದಾರ ಎಳೆದಂತೆಲ್ಲ ನಾನು ಬುಗುರಿಯಂತೆ ತಿರುಗಿದೆ. ನರ್ಸಮ್ಮ ಬಂದು ಬೈದು ಹೋದರು. ಒಂದು ತಾಸು ಮುಗಿಯಿತು. ಬಾಗಿಲು ತೆರೆಯಲಿಲ್ಲ. ಎರಡು ತಾಸಾಯಿತು. ನಾನೇ ಎರಡೂ ತೋಳು ಹಿಡಿದು ಅಳೆದೆ.

"ಎರಡೂ ಸರಿ ಆದ್ವು ದೊಡ್ಡವ್ವಾ. ಸಾಕು ಮಾಡು."

"ಸಾಕು ಅನಬ್ಯಾಡ. ಆಕಿ ಹೊರಗ ಬರೋತನಕ ನಾ ಮುಗಸಂಗಿಲ್ಲ. ತಿರುಗು."

ಎಂದೂ ಹೆಣಿಗೆಯ ಒಂದು ಕಣ್ಣಿ ತಪ್ಪದವಳು ಈಗ ಸಾಲಿಗೊಂದು ತಪ್ಪುತ್ತಿದ್ದಳು. ನಾನು ಮತ್ತೆ ತಿರುಗಿದೆ. ಮೂರು ತಾಸಿಗೆ ನನ್ನ ಸ್ವೆಟರ್ ಹೊಕ್ಕುಳ ದಾಟಿ ಮೇಲೆ ಬಂದಿತ್ತು. ಆಗ ಬಾಗಿಲು ತೆರೆಯಿತು.

"ಗಡ್ಡಿ ಪೂರಾ ತಗದೀವ್ರಿ. ಆರಾಮ ಅದಾರ" ಅಂದರು ಡಾಕ್ಟರು.

ದೊಡ್ಡವ್ವ ಗಂಟು ಹಾಕಿ ದಾರ ಹರಿದದ್ದು ಆಗ ಮಾತ್ರ.

ಮರುದಿನ ಅವ್ವ ಕಣ್ಣು ಬಿಟ್ಟು ನೋಡಿದರೆ ಎದೆಯ ಮೇಲೆ ಸ್ವೆಟರ್ ಹೊದಿಸಿತ್ತು. ಬಲಗೈ ತೋಳು ಸರಿಯಾಗಿತ್ತು. ಎಡಗೈ ತೋಳು ಮಾತ್ರ ಅರ್ಧಕ್ಕೆ ಹಸಿರಾಗಿ, ಒಂದು ಗೇಣು ಹೆಚ್ಚಿಗೆ ಜೋತು ಬಿದ್ದಿತ್ತು.

"ಅಕ್ಕಾ, ಇದೇನ ತೋಳೋ, ಆನಿ ಸೊಂಡಿಯೋ?"

"ನಿನ್ನ ಡಾಕ್ಟರನ್ನ ಕೇಳು. ಒಂದ್ ತಾಸು ಅಂದಿದ್ರು. ಕೊಡು, ಬಿಚ್ಚತೀನಿ."

ಅವ್ವ ಕೊಡಲಿಲ್ಲ. ಆ ಉದ್ದದ ತೋಳಿನ ತುದಿ ಹಿಡಿದು ಅಕ್ಕನ ಮುಖದ ಹತ್ತಿರ ಚಾಚಿ, "ಮೊದಲ ಕಣ್ಣ ಒರಸ್ಕೊ" ಅಂದಳು.