ಅವನ ಪಂಕ್ಚರ್ ಮೇಲೂ ನನಗೆ ಹೊಟ್ಟೆಕಿಚ್ಚು

ಗಾಡಿ ಇಟ್ಕೊಂಡೋನಿಗೆ ಪಂಕ್ಚರ್ ತಪ್ಪೋದಿಲ್ಲ, ಸ್ಟ್ಯಾಂಡಲ್ಲಿ ಪಕ್ಕದಲ್ಲಿ ಇನ್ನೊಂದು ಗಾಡಿ ನಿಂತಿರೋವರೆಗೂ ಹೊಟ್ಟೆಕಿಚ್ಚು ತಪ್ಪೋದಿಲ್ಲ. ನನ್ನ ಆಯಸ್ಸಿನ ಒಂದು ಭಾಗ ಈ ಎರಡರಲ್ಲೇ ಕಳೆದುಹೋಯ್ತು.

ಎಂಬತ್ತರ ದಶಕದ ಮಾತು. ಬಸವೇಶ್ವರನಗರದ ಸ್ಟ್ಯಾಂಡಲ್ಲಿ ಬಾಡಿಗೆಗೆ ಅಂತ ಎರಡೇ ಪಿಕಪ್ ಗಾಡಿ. ಒಂದು ನಂದು, ಇನ್ನೊಂದು ನನಗಿಂತ ಚಿಕ್ಕೋನೊಬ್ಬನದು; ನಾನು ಹೇಳ್ತಿರೋ ‘ಅವನು’ ಅಂದ್ರೆ ಅವನೇ. ಆಗ ರಾಜಾಜಿನಗರದಲ್ಲಿ ಕಬ್ಬಿಣದ ಬೀರು ಮಾಡೋ ಸಾಹುಕಾರ್ರೊಬ್ಬರು, ಕೆಂಗೇರಿ ಉಪನಗರದ ಹೊಸ ಮನೆಗಳಿಗೆ ದಿನಾ ಬೀರು ಸಾಗಿಸೋಕೆ ಒಂದು ಪರ್ಮನೆಂಟ್ ಗಾಡಿ ಬೇಕು, ಆಯುಧಪೂಜೆ ದಿನ ಬಂದು ನೋಡಿ ಗೊತ್ತುಮಾಡ್ತೀನಿ ಅಂದಿದ್ರು. ಅದು ಸಿಕ್ಕಿಬಿಟ್ರೆ, ಇವತ್ತು ಯಾರು ಮನೆ ಖಾಲಿ ಮಾಡ್ತಾರಪ್ಪಾ ಅಂತ ಬೆಳಗಿಂದ ಬೀದಿ ನೋಡ್ತಾ ಕೂರೋದು ತಪ್ಪುತ್ತಿತ್ತು. ನನಗೆ ಅದು ಬೇಕೇ ಬೇಕಾಗಿತ್ತು. ಅವನಿಗೂ ಬೇಕಾಗಿತ್ತು, ಅದೇ ತೊಂದರೆ.

ಎತ್ತರ

ಕೆಂಗೇರಿ ಕಡೆ ರಸ್ತೆ ಪೂರ್ತಿ ಹಳ್ಳ. ಅದಕ್ಕೇ ಅಂತ ಅವನು ಕಾಮಾಕ್ಷಿಪಾಳ್ಯದ ಮೆಕ್ಯಾನಿಕ್ ಹತ್ರ ಹೋಗಿ, ಸ್ಪ್ರಿಂಗಿಗೆ ಇನ್ನಷ್ಟು ಪಟ್ಟಿ ಸೇರಿಸಿ, ಮಿಲಿಟರಿ ಹರಾಜಿನ ದೊಡ್ಡ ಟೈರು ಹಾಕಿಸಿ ಗಾಡಿ ಎತ್ತರ ಮಾಡಿಸ್ಕೊಂಡು ಬಂದ. ಪಕ್ಕದಲ್ಲಿ ತಂದು ನಿಲ್ಲಿಸಿದಾಗ ಅವನ ಬಾಗಿಲ ಹಿಡಿ ನನ್ನ ಗಾಡಿಯ ಕಿಟಕಿ ಮಟ್ಟಕ್ಕೆ ಬಂತು.

"ಏನ್ ಗುರು, ಮೇಲೆ ಗಾಳಿ ಚೆನ್ನಾಗಿದ್ಯಾ?" ಅಂತ ಕೇಳಿದೆ, ಒಳಗೆ ಧಗಧಗ ಉರೀತಿತ್ತು.

"ನೀವೇ ಹತ್ತಿ ನೋಡಿ ಅಣ್ಣ" ಅಂದ, ಪಾಪ, ನಿಜವಾಗ್ಲೂ ಕರೆದ.

ಹತ್ತೋಕೆ ಹೋದೆ. ಕಾಲು ಎಟುಕಲಿಲ್ಲ. ಊಟ ತಂದ ನನ್ನ ಹೆಂಡತಿ ನೋಡ್ತಾನೇ ನಿಂತಿದ್ಲು. "ಎಷ್ಟು ಲಕ್ಷಣವಾಗಿದೆ ಅಲ್ವೇನ್ರೀ?" ಅಂದ್ಲು. ಮದುವೆಯಾಗಿ ಒಂಬತ್ತು ವರ್ಷದಲ್ಲಿ ನನ್ನ ಗಾಡಿಗಿರಲಿ, ನನಗೂ ಆ ಮಾತು ಅಂದಿರಲಿಲ್ಲ.

ಜಾಕು

ಒಂದು ವಾರಕ್ಕೇ ದೇವರು ಕಣ್ಣು ಬಿಟ್ಟ. ಸ್ಟ್ಯಾಂಡಲ್ಲೇ ಅವನ ಹಿಂದಿನ ಟೈರು ಪಂಕ್ಚರ್. ನಾನು ಒಂದು ಟೀ ಹೇಳಿ ಆರಾಮಾಗಿ ಕೂತೆ.

ಜಾಕು ಇಟ್ಟ, ತಿರುಗಿಸಿದ, ತಿರುಗಿಸಿದ. ಜಾಕು ಪೂರ್ತಿ ಮೇಲೆ ಬಂದ್ರೂ ಟೈರು ನೆಲ ಬಿಡ್ಲಿಲ್ಲ. ಹಳೇ ಗಾಡಿಯ ಜಾಕು, ಎತ್ತರದ ಗಾಡಿ, ಎಲ್ಲಿಂದ ಎಟುಕಬೇಕು? ನನಗೆ ಟೀ ಅಷ್ಟು ರುಚಿಯಾಗಿದ್ದು ಅವತ್ತೇ.

ಆದ್ರೆ ನೋಡಿ, ಎದುರಿನ ಕಟ್ಟಡದ ಕೆಲಸದೋರು ಒಂದು ಸೈಜುಗಲ್ಲು ಹೊತ್ಕೊಂಡು ಬಂದು ಜಾಕಿನ ಕೆಳಗೆ ಕೊಟ್ರು. ಸ್ಕೂಟರಲ್ಲಿ ಹೋಗ್ತಿದ್ದ ಬ್ಯಾಂಕಿನೋರೊಬ್ಬರು ನಿಲ್ಲಿಸಿ, ಪ್ಯಾಂಟ್ ಮಡಚಿ, "ಹುಷಾರು, ಹುಷಾರು" ಅಂತ ಮೇಲ್ವಿಚಾರಣೆಗೆ ನಿಂತ್ರು. ಪಕ್ಕದ ಕ್ಲಿನಿಕ್ಕಿನ ಡಾಕ್ಟರೇ ಹೊರಗೆ ಬಂದು ನೋಡಿದ್ರು. ಚಕ್ರ ಕೂತಾಗ ಜನ ಚಪ್ಪಾಳೆ ತಟ್ಟಿದ್ರು! ಹಿಂದಿನ ತಿಂಗಳು ನನ್ನ ಗಾಡಿ ಅದೇ ಜಾಗದಲ್ಲಿ ಪಂಕ್ಚರ್ ಆದಾಗ ಒಂದು ನಾಯಿನೂ ತಿರುಗಿ ನೋಡಿರಲಿಲ್ಲ.

ಇನ್ನೊಬ್ಬನ ಪಂಕ್ಚರಿಗೂ ಹೊಟ್ಟೆಕಿಚ್ಚು ಪಟ್ಟೋನು ಇಡೀ ಬೆಂಗಳೂರಲ್ಲಿ ನಾನೊಬ್ಬನೇ ಇರ್ಬೇಕು.

ಸ್ಟೆಪ್ನಿ

ದೊಡ್ಡ ಟೈರಾದ್ರಿಂದ ಅವನ ಸ್ಟೆಪ್ನಿ ಗಾಡಿ ಕೆಳಗೆ ಹಿಡಿಸ್ತಿರಲಿಲ್ಲ. ಹಿಂದಿನ ಬಾಗಿಲಿಗೇ ನೆಟ್ಟಗೆ ಬೋಲ್ಟ್ ಹಾಕಿಸಿದ. ಅವನ ಹೆಂಡತಿ ಅದಕ್ಕೊಂದು ಕೆಂಪು ರೆಕ್ಸಿನ್ ಕವರ್ ಹೊಲಿದು, ಸುತ್ತ ಬಿಳೀ ಅಂಚು ಕೊಟ್ಟಿದ್ಲು. ಹಿಂದೆ ಹೋಗೋರೆಲ್ಲ ನೋಡೋರು.

"ರೀ, ನಮ್ಮ ಸ್ಟೆಪ್ನಿಗೂ ಒಂದು ಕವರ್ ಹೊಲೀಲಾ?" ಅಂದ್ಲು ನನ್ನ ಹೆಂಡತಿ.

"ನಮ್ಮದು ಗಾಡಿ ಕೆಳಗೆ ಇರೋದು ಕಣೇ. ಯಾರು ನೋಡ್ತಾರೆ?"

"ನೀವು ನೋಡಿ ಎಷ್ಟು ದಿನ ಆಯ್ತು?"

ರೋಷಕ್ಕೆ ಗಾಡಿ ಕೆಳಗೆ ತೂರಿದೆ. ಸರಪಳಿ ನೇತಾಡ್ತಿತ್ತು. ಸ್ಟೆಪ್ನಿ ಇರಲಿಲ್ಲ! ಯಾವನು ಎಗರಿಸಿದ್ನೋ, ಯಾವ ಕಾಲದಲ್ಲೋ. ಹಿಂದಿನ ತಿಂಗಳು ಚಕ್ರವನ್ನೇ ಬಿಚ್ಚಿ ಪಂಕ್ಚರ್ ಅಂಗಡಿಗೆ ಉರುಳಿಸ್ಕೊಂಡು ಹೋಗಿದ್ದೆನಲ್ಲ, ಆಗ್ಲೂ ಬಗ್ಗಿ ನೋಡಿರಲಿಲ್ಲ. ಹೊರಗೆ ಬಂದು ಮೆಲ್ಲಗೆ ಹೇಳಿದೆ.

"ಹಾಗಾದ್ರೆ ಹೊಲಿಯೋದು ಸುಲಭ ಬಿಡಿ" ಅಂದ್ಲು ಅವಳು, "ಅಳತೆ ತಗೊಳ್ಳೋ ಗೋಜೇ ಇಲ್ಲ."

ಆಯುಧಪೂಜೆ

ಇನ್ನು ತಡೆಯೋಕಾಗಲಿಲ್ಲ. ಹಬ್ಬಕ್ಕೆ ಎರಡು ದಿನ ಇರೋವಾಗ ಅದೇ ಮೆಕ್ಯಾನಿಕ್ ಹತ್ರ ಹೋಗಿ, "ಅವನ ಗಾಡಿಗಿಂತ ಒಂದಿಂಚಾದ್ರೂ ಮೇಲಿರ್ಬೇಕು" ಅಂದೆ. ಮಾಡಿಕೊಟ್ಟ. ಟೈರು ಮಾತ್ರ ಹರಾಜಲ್ಲಿ ಎಲ್ಲರೂ ಬಿಟ್ಟುಹೋಗಿದ್ದು, ಸವೆದು ಹಪ್ಪಳ ಆಗಿತ್ತು. ಸ್ಟೆಪ್ನಿ ಸೇರಿ ಐದು. ಎತ್ತರ ಸಿಕ್ತಲ್ಲ, ನನಗೆ ಅಷ್ಟೇ ಸಾಕು.

ಹಬ್ಬದ ಬೆಳಿಗ್ಗೆ ಎರಡೂ ಗಾಡಿ ತೊಳೆದು, ಬಾಳೆಕಂದು ಕಟ್ಟಿ, ಸೇವಂತಿಗೆ ಹಾರ ಹಾಕಿ ನಿಲ್ಲಿಸಿದ್ವಿ. ಸಾಹುಕಾರ್ರು ಶಲ್ಯ ಹೊದ್ದು ಬಂದ್ರು. ಫ್ಯಾಕ್ಟರಿಯಿಂದ ಮೊದಲ ಬೀರೂ ಕೈಗಾಡೀಲಿ ಬಂದಿತ್ತು. ಇನ್ನು ಚಕ್ರದ ಮುಂದೆ ನಿಂಬೆಹಣ್ಣಿಟ್ಟು ಗಾಡಿ ಹತ್ತಿಸೋದೊಂದೇ ಬಾಕಿ.

ಅವನು ನಾಲ್ಕು ಚಕ್ರಕ್ಕೂ ಗಜನಿಂಬೆ ಇಟ್ಟ. "ದೊಡ್ಡ ಟೈರಿಗೆ ದೊಡ್ಡ ನಿಂಬೆಹಣ್ಣೇ ಸರಿ" ಅಂತ ಸಾಹುಕಾರ್ರು ತಲೆದೂಗಿದ್ರು. ನನ್ನ ಬುಟ್ಟೀಲಿ ಗೋಲಿಯಷ್ಟು ನಿಂಬೆಹಣ್ಣು. ಮೈಯೆಲ್ಲ ಉರಿದುಹೋಯ್ತು. ಪಕ್ಕದ ಬುಟ್ಟಿಗೆ ಕೈ ಹಾಕಿ, ಚಕ್ರಕ್ಕೊಂದರಂತೆ ನಾಲ್ಕು ತೆಂಗಿನಕಾಯಿ ಇಟ್ಟೆ.

"ರೀ, ಅದನ್ನ ಈಡುಗಾಯಿ ಹೊಡೀಬೇಕು, ಅದರ ಮೇಲೆ ಹತ್ತಿಸಬಾರದು!" ಅಂದ್ಲು ಹೆಂಡತಿ.

"ಸುಮ್ನಿರೇ, ಅವನು ನೋಡ್ತಾ ಇದಾನೆ" ಅಂದೆ.

ಅವನ ಗಾಡಿ ಪಚಕ್ ಅಂತ ಹಣ್ಣು ದಾಟಿ ಹೋಯ್ತು. ನಾನು ಗೇರ್ ಹಾಕಿದೆ. ಗಾಡಿ ಮೇಲೆದ್ದಿತು, ಒಂದು ಕ್ಷಣ ಇಡೀ ಬಸವೇಶ್ವರನಗರದಲ್ಲಿ ನಾನೇ ಎತ್ತರ. ಆಮೇಲೆ ಲಟಲಟ ಅಂತ ಕಾಯಿ ಒಡೆದ ಸದ್ದು, ಅದರ ಹಿಂದೇನೇ ಡಬ್, ಡಬ್ ಅಂತ ಎರಡು ಟೈರು. ಚಿಪ್ಪಿನ ಚೂರು ಹಪ್ಪಳದ ಟೈರನ್ನ ಸೀಳಿಬಿಟ್ಟಿತ್ತು. ಗಾಡಿ ಒಂದು ಪಕ್ಕಕ್ಕೆ ವಾಲಿ ಕೂತ್ಕೊಂತು.

ಸಾಹುಕಾರ್ರು ಪಂಚೆ ಎತ್ತಿ ಹಿಡಿದು ಸುತ್ತ ಒಂದು ಸಲ ಬಂದ್ರು.

"ಎಷ್ಟು ಟೈರು ಹೋಗಿದೆ?"

"ಎರಡು ಸಾರ್."

"ಸ್ಟೆಪ್ನಿ ಎಷ್ಟಿದೆ?"

"ಒಂದು ಸಾರ್."

ಅವರು ಬೀರು ಹತ್ತಿಸು ಅಂತ ಅವನಿಗೆ ಕೈ ತೋರಿಸಿದ್ರು. ಕೆಲಸ ಹೋಯ್ತು ಅಂತ ನನ್ನ ಕಣ್ಣಲ್ಲಿ ನೀರು ಬಂತು, ನಿಜ ಹೇಳ್ತೀನಿ. ಹೊರಡೋ ಮುಂಚೆ ಸಾಹುಕಾರ್ರು ಬಗ್ಗಿ ಚಕ್ರದ ಕೆಳಗೆ ಜಜ್ಜಿಹೋದ ಕಾಯಿ ನೋಡಿ, ನನ್ನ ಹೆಗಲ ಮೇಲೆ ಕೈಯಿಟ್ಟು ಸಮಾಧಾನದ ದನಿಯಲ್ಲಿ ಅಂದ್ರು:

"ಗಾಡಿ ಒಳ್ಳೇದೇ ಕಣಪ್ಪ. ಆದ್ರೆ ನಾನು ಕೇಳಿದ್ದು ಬೀರು ಸಾಗಿಸೋಕೆ, ಚಟ್ನಿ ಅರೆಯೋಕಲ್ಲ."