ರಾಗಿ ಕಡೆಯ ನೆಂಟರು

ನಮ್ಮ ಸೋದರಮಾವನಷ್ಟು ಮನುಷ್ಯರ ಗಂಟಲನ್ನು ಹತ್ತಿರದಿಂದ ನೋಡಿದವರು ಕಿವಿ-ಮೂಗು-ಗಂಟಲಿನ ಡಾಕ್ಟರುಗಳಲ್ಲೂ ಇರಲಾರರು. ಡಾಕ್ಟರಾದರೆ ಬಾಯಿ ತೆಗೆಸಬೇಕು, ಟಾರ್ಚು ಬಿಡಬೇಕು, 'ಆ' ಅನ್ನಿಸಬೇಕು. ಮಾವನಿಗೆ ಅದೆಲ್ಲ ಬೇಡ. ಊಟದ ಮೇಜಿನ ಆಚೆ ಬದಿಯಲ್ಲಿ ಕೂತು, ಎದುರಿಗಿರುವವರ ಗಂಟಲು ಒಮ್ಮೆ ಮೇಲೆದ್ದು ಕೆಳಗಿಳಿಯುವುದನ್ನು ನೋಡಿಯೇ ಅವರ ಗುಣ, ನಡತೆ, ಗೇಟು ಮೆಲ್ಲಗೆ ಹಾಕುತ್ತಾರೋ ಧಡಾರನೆ ಹಾಕುತ್ತಾರೋ ಎನ್ನುವುದನ್ನೆಲ್ಲ ಹೇಳಿಬಿಡುತ್ತಾನೆ.

ಮಾವನನ್ನು ಏಕವಚನದಲ್ಲಿ ಬರೆಯುತ್ತಿದ್ದೇನೆಂದು ಯಾರೂ ಹುಬ್ಬು ಗಂಟಿಕ್ಕಬೇಡಿ. ಒಮ್ಮೆ ನಾನು ನಾಜೂಕು ಕಲಿತ ಹುರುಪಿನಲ್ಲಿ "ನೀವು ಊಟ ಮಾಡಿದಿರಾ ಮಾವ?" ಎಂದು ಕೇಳಿದ್ದಕ್ಕೆ, ಹಿಂದೆ ಇನ್ನ್ಯಾರೋ ನಿಂತಿದ್ದಾರೆಂದು ತಿರುಗಿ ನೋಡಿದ್ದ.

ಅವನ ಮನೆ ಇರುವುದು ಸಾರಕ್ಕಿಯಲ್ಲಿ. ಅವನು ಚಡ್ಡಿ ಹಾಕುತ್ತಿದ್ದ ಕಾಲಕ್ಕೆ ಅದು ಹಳ್ಳಿ. ಮನೆ ನಿಂತಿರುವ ಜಾಗ ರಾಗಿ ಹೊಲ. ಆಮೇಲೆ ಹಳ್ಳಿಯ ಮೇಲೆ ಬೆಂಗಳೂರು ಬಂದು ಕೂತಿತು. ಮಾವ ಹೊಲದ ಮೇಲೆ ಮನೆ ಕಟ್ಟಿ, ಕೆಳಗೆ ತಾನಿದ್ದು, ಮಹಡಿಯನ್ನು ಬಾಡಿಗೆಗೆ ಇಟ್ಟ. ಆದರೆ ಹೊಲ ಮಾತ್ರ ಅವನ ತಲೆಯಿಂದ ಕದಲಿಲ್ಲ. ಮನೆ ನೋಡಲು ಬಂದವರು ವಾಸ್ತು ಕೇಳಿದರೆ ಇವನು ಇಳುವರಿ ಹೇಳುತ್ತಾನೆ.

"ಇದು ಬೆಡ್‌ರೂಮು ಸಾರ್. ಈ ಕಡೆ ಬೆಳೆ ಸುಮಾರು. ಅಡುಗೆಮನೆ ಕಡೆ ಸಖತ್ತಾಗಿ ಬರ್ತಿತ್ತು."

"ಅಂಕಲ್, ಇದು ಫಸ್ಟ್ ಫ್ಲೋರ್ ಅಲ್ವಾ?"

"ಅದಕ್ಕೇನೀಗ? ಮಣ್ಣಿನ ಗುಣ ಮೇಲಕ್ಕೂ ಏರ್ತದೆ."

ಬೆಂಗಳೂರಿನ ಓನರುಗಳು ಏನೇನು ಕೇಳುತ್ತಾರೆಂದು ನಿಮಗೆ ಗೊತ್ತೇ ಇದೆ. ಮದುವೆ ಆಗಿದೆಯೇ, ಮೊಟ್ಟೆ ಬೇಯಿಸುತ್ತೀರಾ, ಯಾವ ಕಂಪನಿ, ಗೋಡೆಗೆ ಮೊಳೆ ಹೊಡೆಯುತ್ತೀರಾ, ನೆಂಟರು ಬಂದರೆ ಹೋಗುತ್ತಾರಾ. ಮಾವ ಇದರಲ್ಲಿ ಒಂದನ್ನೂ ಕೇಳುವುದಿಲ್ಲ. "ಊಟದ ಹೊತ್ತಾಯ್ತು, ಒಂದು ತುತ್ತು ಉಂಡ್ಕೊಂಡು ಹೋಗಿ" ಎನ್ನುತ್ತಾನೆ, ಅಷ್ಟೇ. ಆಹಾ, ಈ ಕಾಲದಲ್ಲೂ ಎಂಥ ಓನರು ಎಂದು ಬಂದವರು ಕರಗಿ, ಕೈ ತೊಳೆದು ಕೂರುತ್ತಾರೆ. ಅತ್ತೆ ಹಬೆಯಾಡುವ ರಾಗಿ ಮುದ್ದೆ ತಂದು ತಟ್ಟೆಗಿಡುತ್ತಾಳೆ. ಪರೀಕ್ಷೆ ಶುರುವಾಗಿದೆ ಎನ್ನುವುದು ಪಾಪ, ಅವರಿಗೆ ಗೊತ್ತೇ ಇರುವುದಿಲ್ಲ! ಮುದ್ದೆಯನ್ನು ಮುರಿಯಬೇಕು, ಸಾರಿನಲ್ಲಿ ಹೊರಳಿಸಬೇಕು, ನುಂಗಬೇಕು. ಹಲ್ಲು ತಾಕಿತೋ, ಮನೆ ಇಲ್ಲ.

"ಇದ್ಯಾವ ನ್ಯಾಯ ಮಾವ?" ಎಂದು ಕೇಳಿದ್ದೆ.

"ನೋಡವ್ವ, ನುಂಗೋನು ಕೊಟ್ಟಿದ್ದನ್ನ ಕೊಟ್ಟಂಗೆ ಒಳಕ್ಕೆ ತಗೊತಾನೆ. ನೀರು ಬರ್ಲಿಲ್ವಾ, ನುಂಗ್ಕೊತಾನೆ. ಮೋಟ್ರು ಕೆಟ್ಟೋಯ್ತಾ, ನುಂಗ್ಕೊತಾನೆ. ಅಗಿಯೋನು ಹಂಗಲ್ಲ. ಒಂದೇ ಮಾತನ್ನ ಬೆಳಗ್ಗೆಯಿಂದ ಸಂಜೆಗಂಟ ಅಗೀತಾನೆ."

ಹೀಗೆ ಅಗಿದು ಕೆಟ್ಟವರು ಒಬ್ಬಿಬ್ಬರಲ್ಲ. ಉತ್ತರ ಭಾರತದ ಕಡೆಯ ಒಂದು ಹೊಸ ಜೋಡಿ ಮುದ್ದೆಯನ್ನು ಸಿಹಿತಿಂಡಿ ಎಂದು ತಿಳಿದು ಕೊನೆಗಿರಲೆಂದು ಪಕ್ಕಕ್ಕಿಟ್ಟು, ಬರೀ ಸಾರು ಕುಡಿದು, ಆಮೇಲೆ ಚಮಚ ಕೇಳಿತು. ಮಾವ ಅವರಿಗೆ ಚಮಚವನ್ನೂ ಕೊಟ್ಟ, ಗೇಟಿನವರೆಗೂ ಬಂದು ಬಿಟ್ಟ. ಧಾರವಾಡದ ಕಡೆಯ ಬ್ಯಾಂಕಿನವರೊಬ್ಬರು ಬಂದರು. ಹಣೆ ತುಂಬ ವಿಭೂತಿ, ಮಾತು ತುಂಬ ಮರ್ಯಾದೆ. ಮಾವನಿಗೆ ನೋಡಿದ ಕೂಡಲೇ ಹಿಡಿಸಿದರು. ಆದರೆ ಹುಟ್ಟಿದಂದಿನಿಂದ ಜೋಳದ ರೊಟ್ಟಿ ಅಗಿದು ಹದವಾದ ದವಡೆ, ಕೇಳಬೇಕಲ್ಲ! ಮುದ್ದೆ ಒಳಗೆ ಹೋದದ್ದೇ ತಡ, ಗಿರಣಿ ಶುರುವಾಯಿತು.

"ಸಾರ್, ಅದನ್ನ ನುಂಗ್ಬೇಕು."

"ಅಗೀಲಾರ್ದ ಉಣ್ಣೂದಿದ್ರ ಆ ದೇವ್ರು ಹಲ್ಲು ಯಾಕ ಕೊಟ್ಟಾನ್ರೀ?"

"ನಗಕ್ಕೆ ಸಾರ್," ಎಂದ ಮಾವ, ನಗದೆ.

ಈ ಸುದ್ದಿ ಬಿಟಿಎಂ ಲೇಔಟ್‌ವರೆಗೂ ಹಬ್ಬಿ, ಅಲ್ಲಿನ ಪಿಜಿಯ ಹುಡುಗನೊಬ್ಬ ಮೊಬೈಲಿನಲ್ಲಿ ನೋಡಿ ನೋಡಿ ನುಂಗುವುದನ್ನು ಅಭ್ಯಾಸ ಮಾಡಿಕೊಂಡೇ ಬಂದ. ಟೆನಿಸ್ ಚೆಂಡಿನಷ್ಟು ಮುರಿದ. ಕಣ್ಣು ಮುಚ್ಚಿದ. ನುಂಗಿದ. ಅರ್ಧ ದಾರಿಯಲ್ಲಿ ಅದು ನಿಂತಿತು. ಮಾವನೇ ಎದ್ದು ಬೆನ್ನಿಗೆ ಗುದ್ದಿ ಇಳಿಸಿದ. ಹುಡುಗ ಕಣ್ಣೀರು ಒರೆಸಿಕೊಂಡು "ಪಾಸಾ ಅಂಕಲ್?" ಅಂದ. ಆಗಲಿಲ್ಲ. "ನುಂಗಿದ, ಇಲ್ಲ ಅನ್ನಲ್ಲ. ಆದ್ರೆ ನಂಬಿಕೆಯಿಂದ ನುಂಗಲಿಲ್ಲ" ಎಂದು ತೀರ್ಪಾಯಿತು.

ಮಹಡಿ ಖಾಲಿಯೇ ಉಳಿಯಿತು. ಅತ್ತೆಗೆ ತಲೆ ಕೆಟ್ಟುಹೋಯಿತು.

"ಮೇಲ್ಗಡೆ ಪಾರಿವಾಳ ಸಂಸಾರ ಹೂಡ್ಯವೆ. ಅವು ಕಾಳು ಇಡೀದಾಗೇ ನುಂಗ್ತವೆ ಕಣ್ರೀ, ಅಗ್ರಿಮೆಂಟು ಮಾಡ್ಕೊಟ್ಬಿಡಿ" ಎಂದು ಪಾತ್ರೆ ಕುಕ್ಕುತ್ತಿದ್ದಳು.

ಇಂಥ ಹೊತ್ತಿನಲ್ಲಿ ನನಗೆ ಸಿಕ್ಕವಳು ಅಕಿನ್ಯಿ. ನಾನು ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ಅವಳು ಕೀನ್ಯಾದಿಂದ ಎಂ.ಎಸ್ಸಿ. ಓದಲು ಬಂದವಳು. ಓದುವುದಕ್ಕಿಂತ ಹೆಚ್ಚಾಗಿ ನನ್ನ ಮೇಜಿನ ಬಳಿ ಕೂತು ಮನೆ ಹುಡುಕುತ್ತಿದ್ದಳು. ಇದ್ದ ಪಿಜಿಯವರು ತಿಂಗಳ ಕೊನೆಗೆ ಜಾಗ ಬಿಡಿ ಎಂದಿದ್ದರು. ಹೊರದೇಶದವರಿಗೆ ವಿಳಾಸವಿಲ್ಲದಿದ್ದರೆ ಇಲ್ಲಿ ಇರುವಂತಿಲ್ಲ. ಬಾಡಿಗೆ ಕರಾರು ತೋರಿಸಿ ಹೆಸರು ನೋಂದಾಯಿಸಬೇಕು. ಇಲ್ಲವಾದರೆ ಓದನ್ನು ಅರ್ಧಕ್ಕೆ ಬಿಟ್ಟು ವಿಮಾನ ಹತ್ತಬೇಕು.

ಅವಳು ಮನೆ ಹುಡುಕಿದ ಕಥೆಯನ್ನು ಅವಳ ಬಾಯಿಂದಲೇ ಕೇಳಬೇಕಿತ್ತು. ಜೆ.ಪಿ. ನಗರದಲ್ಲಿ ಒಬ್ಬರು ಇವಳ ಮುಖ ನೋಡಿ, "ನಮ್ಮಲ್ಲಿ ವೆಜ್‌ನವರಿಗೆ ಮಾತ್ರ" ಎಂದರಂತೆ. "ನಾನು ವೆಜ್ಜೇ" ಎಂದಳಂತೆ ಇವಳು. ಅವರು ಒಂದು ಗಳಿಗೆ ಯೋಚಿಸಿ, "ಹಾಗಲ್ಲ, ನಾನ್‌ವೆಜ್‌ನವರಿಗೆ ಮಾತ್ರ" ಎಂದರಂತೆ! ತಿಲಕ್ ನಗರದಲ್ಲಿ ಫೋನಿನಲ್ಲಿ ಖಾಲಿಯಿದ್ದ ಮನೆ ಇವಳು ಮೆಟ್ಟಿಲು ಹತ್ತುವಷ್ಟರಲ್ಲಿ ಹೋಗಿಬಿಟ್ಟಿತ್ತು. ಟು-ಲೆಟ್ ಬೋರ್ಡು ಮಾತ್ರ ಗಾಳಿಗೆ ತೂಗುತ್ತಿತ್ತು.

"ನನ್ನ ಕಾಲ್ಗುಣ ನೋಡಿ ಮೇಡಂ," ಎಂದು ಇಂಗ್ಲಿಷಿನಲ್ಲಿ ಹೇಳಿ ನಕ್ಕಳು. "ನಾನು ನೋಡೋಕೆ ಹೋದ್ರೆ ಸಾಕು, ಆ ಮನೆ ಕೂಡಲೇ ಯಾರಿಗೋ ಬಾಡಿಗೆಗೆ ಹೋಗಿಬಿಡುತ್ತೆ. ಓದು ಬಿಟ್ಟು ಬ್ರೋಕರ್ ಆಗ್ಬಹುದು."

ಮಾವನ ಮಹಡಿ ನನಗೆ ನೆನಪಾಗಲಿಲ್ಲವೆಂದಲ್ಲ. ದವಡೆ ಇರುವ ಯಾವ ಪ್ರಾಣಿಯನ್ನೂ ಅಲ್ಲಿಗೆ ಕರೆದೊಯ್ಯುವ ಧೈರ್ಯವಿರಲಿಲ್ಲ. ಆದರೆ ತಿಂಗಳು ಮುಗಿಯುತ್ತ ಬಂತು. ಕೊನೆಗೆ ಹೇಳಿದೆ: "ಒಂದು ಮನೆ ಇದೆ. ಅಲ್ಲಿ ಊಟಕ್ಕೆ ಒಂದು ಉಂಡೆ ಕೊಡ್ತಾರೆ. ಏನೇ ಆಗಲಿ, ಅಗೀಬೇಡ. ನುಂಗು."

"ಇಲ್ಲಿಗೆ ಬಂದ ಮೇಲೆ ಏನೇನೋ ನುಂಗಿದ್ದೀನಿ ಮೇಡಂ," ಎಂದಳು. "ಉಂಡೆ ಯಾವ ಲೆಕ್ಕ."

ಭಾನುವಾರ ಕರೆದುಕೊಂಡು ಹೋದೆ. ನಾವು ಬೀದಿಗೆ ತಿರುಗಿದ್ದೇ ತಡ, ಎರಡೂ ಬದಿಯ ಕಿಟಕಿಗಳು ಒಂದೊಂದು ಮುಖ ತೊಟ್ಟುಕೊಂಡವು. ಮಾವ ಗೇಟಿನಲ್ಲೇ ನಿಂತಿದ್ದ.

"ಏನಮ್ಮ ನಿನ್ನ ಹೆಸ್ರು?"

"ಅಕಿನ್ಯಿ."

"ಅಕ್ಕಿನಾ?" ಮಾವ ನನ್ನ ಕಡೆ ತಿರುಗಿದ. "ಅಕ್ಕೀನ ಕರ್ಕೊಂಡು ರಾಗಿ ಮನೆಗೆ ಬಂದಿದ್ದೀಯಲ್ಲೇ."

ಬೆಡ್‌ರೂಮಿನ ಬೆಳೆ, ಅಡುಗೆಮನೆಯ ಇಳುವರಿ ಎಲ್ಲ ಆಯಿತು. ಕೆಳಗೆ ಬಂದು ಕೂತೆವು. ಅತ್ತೆ ಬಸ್ಸಾರು ಬಡಿಸಿದಳು, ಪಕ್ಕದಲ್ಲಿ ಸೊಪ್ಪಿನ ಪಲ್ಯ ಇಟ್ಟಳು, ಮುದ್ದೆ ತಂದು ತಟ್ಟೆಯ ನಡುವೆ ಕೂರಿಸಿ, ಅಕಿನ್ಯಿಯ ಪಕ್ಕ ತಾನೂ ಕೂತಳು.

ಅಕಿನ್ಯಿ ಮುದ್ದೆಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಮತ್ತೆ ಮುದ್ದೆಯನ್ನು ನೋಡಿದಳು. ಮುಗಿಯಿತು ಕಥೆ, ಚಮಚ ಕೇಳುತ್ತಾಳೆ ಎಂದು ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ನೋಡುತ್ತೇನೆ: ಬಲಗೈಯ ಬೆರಳ ತುದಿಯಲ್ಲಿ ನಿಂಬೆಹಣ್ಣಿನಷ್ಟು ಚಿವುಟಿದಳು. ಬಿಸಿ ಎಂದು ಊದಲಿಲ್ಲ, ಕೈ ಒದರಲಿಲ್ಲ. ಅಂಗೈಯಲ್ಲೇ ಉರುಳಿಸಿ ದುಂಡಗೆ ಮಾಡಿದಳು. ಹೆಬ್ಬೆಟ್ಟಿನಿಂದ ಒತ್ತಿ ಗುಳಿ ಮಾಡಿದಳು. ಆ ಗುಳಿಯಲ್ಲಿ ಸೊಪ್ಪನ್ನು ಮೊಗೆದಳು. ಒಂದು ಎಸಳೂ ಕೆಳಗೆ ಬೀಳಲಿಲ್ಲ.

ಮಾವನ ಕೈ ತಟ್ಟೆಯ ಮೇಲೆ ನಿಂತುಹೋಯಿತು. ಇಷ್ಟು ವರ್ಷ ಬಾಡಿಗೆಗೆ ಬಂದ ಒಬ್ಬರ ಕೈಯೂ ಮುದ್ದೆಯ ಜೊತೆ ಹಾಗೆ ಮಾತಾಡಿರಲಿಲ್ಲ.

ತುತ್ತು ಬಾಯಿಗೆ ಹೋಯಿತು. ಮೂವರೂ ಅವಳ ಗಂಟಲನ್ನೇ ನೋಡುತ್ತಿದ್ದೆವು. ಗಂಟಲು ಅಲುಗಲಿಲ್ಲ. ದವಡೆ ಅಲುಗಿತು.

ಅಗಿಯುತ್ತಿದ್ದಳು! ಅದೂ ಹೇಗೆ? ಕಣ್ಣು ಮುಚ್ಚಿ, ಮೆಲ್ಲಗೆ, ಹಸು ಮೆಲುಕು ಹಾಕಿದ ಹಾಗೆ. ಮೇಜಿನ ಕೆಳಗೆ ಅವಳ ಕಾಲನ್ನು ಜೋರಾಗಿ ತುಳಿದೆ. "ಅಯ್ಯೋ, ನನ್ ಕಾಲು ಕಣೇ" ಎಂದಳು ಅತ್ತೆ.

"ಅದನ್ನ ಅಗೀಬಾರ್ದು ಕಣಮ್ಮ," ಎಂದ ಮಾವ. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಫಸ್ಟ್ ಕ್ಲಾಸ್ ಬರಬೇಕಾಗಿದ್ದ ಹುಡುಗಿ ಕೊನೆಯ ಪ್ರಶ್ನೆಯಲ್ಲಿ ಎಡವಿದಾಗ ಮೇಷ್ಟರಿಗೆ ಆಗುವ ಸಂಕಟವಿತ್ತು. "ನುಂಗ್ಬೇಕು."

ನಾನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಅಕಿನ್ಯಿ ಕಣ್ಣು ಬಿಟ್ಟಳು. ರೆಪ್ಪೆಯೆಲ್ಲ ಒದ್ದೆಯಾಗಿತ್ತು.

"ಗೊತ್ತು. ನೀವು ಹೇಳಿದ್ರಿ. ಆದ್ರೆ ಇದು ನಮ್ಮಜ್ಜಿ ಮಾಡೋದು. ಇದೇ ಕಾಳು, ಇದೇ ಬಣ್ಣ. ಊರು ಬಿಟ್ಟ ಮೇಲೆ ಇವತ್ತೇ ಸಿಕ್ಕಿದ್ದು." ತಟ್ಟೆಯಲ್ಲಿ ಉಳಿದದ್ದನ್ನು ನೋಡುತ್ತ ಹೇಳಿದಳು: "ನುಂಗಿದ್ರೆ ಬೇಗ ಮುಗಿದುಹೋಗುತ್ತೆ ಮೇಡಂ."

ಅದನ್ನು ಕನ್ನಡದಲ್ಲಿ ಮಾವನಿಗೆ ಹೇಳಿದೆ. ಮಾವ ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಅವನು ಕೇಳಿದ ಪ್ರಶ್ನೆಯನ್ನು ಭೂಮಿಯ ಮೇಲಿನ ಇನ್ನಾವ ಮನೆ ಓನರೂ ಕೇಳಿರಲಾರ.

"ನಿಮ್ ಕಡೆ ಕೆಂಪು ಮಣ್ಣೋ, ಕಪ್ಪು ಮಣ್ಣೋ?"

"ಕೆಂಪು," ಎಂದಳು.

"ಕಳೆ ಯಾರು ಕೀಳ್ತಾರೆ?"

"ಅಜ್ಜಿ. ರಜದಲ್ಲಿ ನಾನು."

"ಹಕ್ಕಿ ಕಾಟ?"

"ಅಯ್ಯೋ, ಅದನ್ನ ಕೇಳ್ಬೇಡಿ."

ಮುಂದೆ ಹಕ್ಕಿ ಓಡಿಸುವ ವಿಚಾರವಾಗಿ ಸಾರಕ್ಕಿಗೂ ಕೀನ್ಯಾಕ್ಕೂ ನಡೆದ ಮಾತುಕತೆಯನ್ನು ಅನುವಾದಿಸಿ ಅನುವಾದಿಸಿ ನನ್ನ ಸಾರು ಆರಿಹೋಯಿತು. ತಟ್ಟೆ ಬಡಿಯುವುದೇ ಸರಿಯೆಂದು ಕೊನೆಗೆ ಎರಡೂ ದೇಶಗಳು ಒಪ್ಪಿದವು.

"ಮಾವ, ಮನೆ ವಿಷ್ಯ?" ಎಂದು ನೆನಪಿಸಿದೆ. "ಅವಳು ಅಗಿದಳಲ್ಲ."

"ಪರೀಕ್ಷೆ ಬಾಡಿಗೆಯವ್ರಿಗೆ. ರಾಗಿ ಬೆಳೆಯೋರ ಮನೆ ಮಗಳಿಗೆ ಎಂಥಾ ಪರೀಕ್ಷೆ?" ಎಂದು ನನ್ನನ್ನೇ ಗದರಿ, ಅತ್ತೆಯ ಕಡೆ ತಿರುಗಿದ. "ಲೇ, ಇನ್ನೊಂದು ಮುದ್ದೆ ಹಾಕು. ಪಾರಿವಾಳಕ್ಕೆ ನೋಟೀಸು ಕೊಡು."

ಅವಳ ನೋಂದಣಿಯ ಸಲುವಾಗಿ ಪೊಲೀಸಿನವರೊಬ್ಬರು ಮನೆಗೆ ವಿಚಾರಣೆಗೆ ಬಂದರು.

"ಇವ್ರು ನಿಮಗೆ ಏನಾಗ್ಬೇಕು ಯಜಮಾನ್ರೇ?"

"ನೆಂಟ್ರು ಸಾರ್."

ಅವರು ಅಕಿನ್ಯಿಯನ್ನು ನೋಡಿದರು, ಮಾವನನ್ನು ನೋಡಿದರು. "ಯಾವ ಕಡೆಯಿಂದ?"

"ರಾಗಿ ಕಡೆಯಿಂದ."

ಪೊಲೀಸಿನವರು ಮಂಡ್ಯದವರು. ಪೆನ್ನಿನ ಮುಚ್ಚಳ ಹಾಕಿ, ದನಿ ತಗ್ಗಿಸಿ ಕೇಳಿದರು: "ನುಂಗ್ತಾರಾ?"

ಜೀವನದಲ್ಲಿ ಮೊದಲ ಸಲ ಮಾವ ಪೊಲೀಸರ ಮುಂದೆ ಸುಳ್ಳು ಹೇಳಿದ. "ಸಖತ್ತಾಗಿ ನುಂಗ್ತಾರೆ ಸಾರ್."

ಒಮ್ಮೆ ಅಕಿನ್ಯಿ ಗ್ರಂಥಾಲಯದಲ್ಲಿ ಏನೋ ಓದಿಕೊಂಡು ಬಂದು, ರಾಗಿ ಹುಟ್ಟಿದ್ದೇ ತಮ್ಮ ಕಡೆಯಂತೆ, ಅಲ್ಲಿಂದ ಸಮುದ್ರ ದಾಟಿ ಇಲ್ಲಿಗೆ ಬಂದದ್ದಂತೆ ಎಂದು ತನ್ನ ಹರಕುಮುರುಕು ಕನ್ನಡದಲ್ಲಿ ಮಾವನಿಗೆ ಹೇಳಿಬಿಟ್ಟಳು. ಮಾವ ಅವತ್ತು ಊಟ ಬಿಟ್ಟ. ರಾಗಿ ಸಾರಕ್ಕಿಯದಲ್ಲ ಅಂದರೆ ಅದನ್ನು ನುಂಗುವುದು ಸುಲಭವೇ? ಮಾರನೆಯ ದಿನ ತಾನೇ ಮಹಡಿ ಹತ್ತಿ ಹೋಗಿ ಬಾಗಿಲು ತಟ್ಟಿದ.

"ರಾಗಿ ಇಲ್ಲಿಗೆ ಬಂದಾಗ ನಮ್ ಮುತ್ತಾತ ಅದನ್ನ ವೆಜ್ಜಾ ನಾನ್‌ವೆಜ್ಜಾ ಅಂತ ಕೇಳ್ಲಿಲ್ಲ. ಜಾಗ ಕೊಟ್ಟ. ಇಲ್ಲೇ ಇರು ಅಂದ." ಇಷ್ಟು ಹೇಳಿ ಇಳಿದು ಬಂದು, ಅತ್ತೆಯ ಬಳಿ ಗೊಣಗಿದ: "ಅಂಗಾದ್ರೆ ಆ ಹುಡ್ಗೀನೇ ಮೂಲ ಓನರು. ಬಾಡಿಗೆ ನಾವು ಕೊಡ್ಬೇಕಾಯ್ತದೇನೋ."

ಅವಳ ಓದು ಮುಗಿಯಿತು. ಅವಳ ಊರಿನಲ್ಲೇ ಕೆಲಸ ಸಿಕ್ಕಿತು. ಹೊರಟ ದಿನ ಮಾವ ಅವಳ ಚೀಲಕ್ಕೆ ರಾಗಿ ಹಿಟ್ಟು ತುರುಕಲು ನೋಡಿದ. "ರಾಗಿ ಹುಟ್ಟಿದ ಊರಿಗೇ ರಾಗಿ ಕಳಿಸ್ತಾರೇನ್ರೀ?" ಎಂದು ಅತ್ತೆ ಬೈದಳು. "ತವರಿಗೆ ಹೋಗೋ ಮಗಳು ಬರಿಗೈಲಿ ಹೋಗ್ತಾಳಾ?" ಎಂದ. ವಿಮಾನ ನಿಲ್ದಾಣಕ್ಕೆ ಬಾ ಎಂದರೆ, ಅಷ್ಟು ದೂರ ಯಾರು ಕೂತ್ಕೊತಾರೆ, ಸೊಂಟ ನೋವು ಎಂದು ಒಳಗೆ ಹೋದ. ಅವನಿಗೆ ಸೊಂಟ ನೋವು ಬಂದದ್ದನ್ನು ಅಲ್ಲಿಯವರೆಗೆ ನಾವ್ಯಾರೂ ಕಂಡಿರಲಿಲ್ಲ. ಅವಳು ಕಾರಿನ ಕಿಟಕಿಯಿಂದ "ಬರ್ತೀನಿ ಮಾವ" ಎಂದು ಕೂಗಿದ್ದು ಅವನಿಗೆ ಕೇಳಿಸಿತೋ ಇಲ್ಲವೋ.

ಅವಳನ್ನು ಬಿಟ್ಟು ನಾನು ವಾಪಸು ಬರುವಷ್ಟರಲ್ಲಿ ಊಟದ ಹೊತ್ತಾಗಿತ್ತು. ಮಹಡಿಯ ಮೇಲೆ ಪಾರಿವಾಳದ ಸದ್ದು ಆಗಲೇ ಶುರುವಾಗಿತ್ತು. ಅತ್ತೆ ಬಸ್ಸಾರು ಮಾಡಿದ್ದಳು. ಮಾವ ಮುದ್ದೆ ಮುರಿದು ಬಾಯಿಗಿಟ್ಟ. ಅಭ್ಯಾಸಬಲದಿಂದ ನಾನು ಅವನ ಗಂಟಲನ್ನೇ ನೋಡಿದೆ. ಗಂಟಲು ಅಲುಗಲಿಲ್ಲ.

"ಏನ್ ಮಾವ," ಎಂದೆ, "ಅಗೀತಾ ಇದ್ದೀಯಾ?"

ಮಾವ ತಲೆ ಎತ್ತಲಿಲ್ಲ. ಮೆಲ್ಲಗೆ, ಇನ್ನೊಂದಿಷ್ಟು ಹೊತ್ತು ಅಗಿದ.

"ಸುಮ್ನೆ ಉಣ್ಣವ್ವ," ಎಂದ. "ನುಂಗ್ಬಿಟ್ರೆ ಬೇಗ ಮುಗ್ದೋಗ್ತದೆ."