ಸರಕಿನ ಹೆಸರೆತ್ತದ ದಿನ

ಬೇಸಗೆ ಮುಗಿಯುತ್ತಾ ಬಂದಿತ್ತು, ಮಳೆ ಇನ್ನೂ ಹಿಡಿದಿರಲಿಲ್ಲ. ಒಂದು ಬುಧವಾರ ಬೆಳಿಗ್ಗೆ ಎಂಟೂವರೆಗೆ, ಸ್ಪ್ರಿಂಗ್ ಮಾಡುವ ಸಣ್ಣ ಕಾರ್ಖಾನೆಯ ಧಣಿ ತನ್ನ ಮಾರಾಟದ ಮನುಷ್ಯನನ್ನು ಮಹಡಿಯ ಕೋಣೆಗೆ ಕರೆಸಿದ. ಎಲ್ಲ ಶುರುವಾದದ್ದು ಅಲ್ಲಿಂದ.

ಈ ಮನುಷ್ಯನನ್ನು ಎಲ್ಲರೂ ಸ್ಪ್ರಿಂಗಣ್ಣ ಎನ್ನುತ್ತಿದ್ದರು. ಹತ್ತೊಂಬತ್ತು ವರ್ಷ ಸ್ಪ್ರಿಂಗ್ ಮಾರಿ ಹೆಸರು ಬಂದಿತ್ತೇ ಹೊರತು ಮೈಗೆ ಅದರ ಗುಣ ಒಂಚೂರೂ ಬಂದಿರಲಿಲ್ಲ. ಕೂತರೆ ಏಳಲು ಎರಡೂ ಕೈ ಊರಬೇಕು. ಎದ್ದರೆ ಬಲಮೊಣಕಾಲು ಎಣ್ಣೆ ಕಾಣದ ಬಾಗಿಲಿನ ಹಾಗೆ ಕಿರುಗುಟ್ಟುತ್ತಿತ್ತು.

ಧಣಿ ಹಿಂದಿನ ವಾರವಷ್ಟೇ ದೊಡ್ಡ ಹೋಟೆಲಿನಲ್ಲಿ ಎರಡು ದಿನದ ವ್ಯಾಪಾರ ಪಾಠದಲ್ಲಿ ಮೊದಲ ದಿನದ್ದು ಕೇಳಿ ಬಂದಿದ್ದ.

"ಇನ್ನು ಮೇಲೆ ದರಪಟ್ಟಿ, ಸ್ಯಾಂಪಲ್ಲು ಯಾವುದೂ ಬೇಡ ಕಣಯ್ಯಾ. ಕಂಪನಿ ಕಂಪನಿ ಹತ್ರ ಕೊಳ್ಳಲ್ಲ, ಮನುಷ್ಯ ಮನುಷ್ಯನ ಹತ್ರ ಕೊಳ್ತಾನೆ. ಕುರ್ಚಿ ಕಾರ್ಖಾನೆಗೆ ಹೊಸ ಖರೀದಿ ಸಾಹೇಬರು ಬಂದಿದಾರೆ. ಹೋಗಿ ಅವರ ಮನಸ್ಸು ಗೆದ್ದು ಬಾ. ಮೊದಲನೇ ದಿನ ಸರಕಿನ ಹೆಸರೆತ್ತಬಾರದು. ನಮ್ಮ ಹೆಸರೂ ಎತ್ತಬಾರದು."

"ಹೆಸರೇ ಹೇಳದಿದ್ರೆ ನಾನು ಯಾರು ಅಂತ ಅವರಿಗೆ ಹೇಗೆ ಗೊತ್ತಾಗತ್ತೆ ಧಣಿ?"

"ಅದು ಎರಡನೇ ದಿನದ ಪಾಠ. ಅದಕ್ಕೆ ನಾನಿನ್ನೂ ಹೋಗಿಲ್ಲ." ಧಣಿ ಕಿಟಕಿಯ ಕಡೆ ತಿರುಗಿ, ಹವಾಮಾನದ ಮಾತಾಡುವ ದನಿಯಲ್ಲಿ ಹೇಳಿದ: "ಈ ಗಿರಾಕಿ ಬರದಿದ್ರೆ ನಾಳೆಯಿಂದ ನೀನೂ ಬರೋದು ಬೇಡ."

ಸ್ಪ್ರಿಂಗಣ್ಣನ ಮಗಳ ಕಾಲೇಜು ಮುಗಿಯಲು ಇನ್ನೂ ಎರಡು ವರ್ಷವಿತ್ತು. ಅವನು ಮೆಟ್ಟಿಲಿಳಿದ.

ಕುರ್ಚಿ ಕಾರ್ಖಾನೆಯ ಮುಂಭಾಗದಲ್ಲಿ ಕಾಯುವವರಿಗೆಂದು ಒಂದು ದೊಡ್ಡ ಕೋಣೆ. ಅಲ್ಲಿ ಮಾಡಿದ ಕುರ್ಚಿಗಳನ್ನೆಲ್ಲ ಅಲ್ಲೇ ಸಾಲಾಗಿ ಜೋಡಿಸಿದ್ದರು. ಸ್ವಾಗತದ ಮೇಜಿನ ಹಿಂದಿದ್ದ ಅಕ್ಕ ತಲೆಯೆತ್ತದೆ ಹೇಳಿದಳು: "ಖರೀದಿ ಸಾಹೇಬರು ಈಗ ಬರ್ತಾರೆ, ಕೂತಿರಿ." ಸ್ಪ್ರಿಂಗಣ್ಣ ಮೊಣಕಾಲಿಗೆ ಹಿತವಾಗಲೆಂದು ಎಲ್ಲಕ್ಕಿಂತ ದೊಡ್ಡ ಕುರ್ಚಿ ಹುಡುಕಿ ಕೂತ. ಮಂತ್ರಿಗೂ ದೊಡ್ಡದಾಗುವಂಥ ಕುರ್ಚಿ ಅದು.

ಐದು ನಿಮಿಷಕ್ಕೆ ದಪ್ಪ ಕನ್ನಡಕದವನೊಬ್ಬ ಬೆವರೊರೆಸುತ್ತಾ ಒಳಗೆ ಬಂದ. ಸುತ್ತ ನೋಡಿದವನು ನೇರ ಇವನ ಮುಂದೆ ಬಂದು ಕೈಮುಗಿದ. ಸಾಹೇಬರೇ ಬಂದರೆಂದು ಸ್ಪ್ರಿಂಗಣ್ಣ ಕೈಯೂರಿ ಎದ್ದ.

"ನಮಸ್ಕಾರ ಸಾರ್. ನಿಮಗೋಸ್ಕರವೇ ಕಾಯ್ತಿದ್ದೆ."

"ಅಯ್ಯೋ, ನೀವು ನನಗೆ ಕಾಯೋದಾ? ಎಂಥ ದೊಡ್ಡ ಮನಸ್ಸು ಸಾರ್ ನಿಮ್ಮದು. ಕೂತ್ಕೊಳ್ಳಿ."

"ನೀವು ನಿಂತಿರುವಾಗ ನಾನು ಕೂರೋದುಂಟೆ?"

"ನೀವು ಕೂರದೆ ನಾನು ಕೂರಲ್ಲ."

ನಲವತ್ತು ಕುರ್ಚಿಗಳ ನಡುವೆ ಇಬ್ಬರೂ ಇಪ್ಪತ್ತು ನಿಮಿಷ ನಿಂತೇ ಇದ್ದರು. ಗೇಟಿನ ಕಾವಲುಗಾರ ಇಣುಕಿ ನೋಡಿ ಅಕ್ಕನಿಗೆ ಹೇಳಿದ: "ಇವರು ನಮ್ಮ ಕುರ್ಚಿ ಮೇಲೆ ಇಷ್ಟು ಅಪನಂಬಿಕೆ ಇಟ್ಟವರು, ಏನು ಕೊಳ್ತಾರೆ?"

ಕೊನೆಗೆ ಒಂದು, ಎರಡು, ಮೂರು ಎಂದು ಎಣಿಸಿ ಒಟ್ಟಿಗೆ ಕೂತರು.

"ತಾಯಿಯವರು ಆರೋಗ್ಯವಾ ಸಾರ್?" ಎಂದ ಸ್ಪ್ರಿಂಗಣ್ಣ.

"ನಮ್ಮಮ್ಮ ಇರಲಿ ಸಾರ್, ಅವಳು ಗಟ್ಟಿ. ನಿಮ್ಮ ತಾಯಿ ಹೇಗಿದಾರೆ, ಅದು ಹೇಳಿ."

ಖರೀದಿ ಮಾಡುವ ಸಾಹೇಬನೊಬ್ಬ ಮಾರುವವನ ತಾಯಿಯನ್ನು ವಿಚಾರಿಸಿದ್ದು ಸ್ಪ್ರಿಂಗಣ್ಣನ ಹತ್ತೊಂಬತ್ತು ವರ್ಷದಲ್ಲಿ ಇದೇ ಮೊದಲು. ತಾಯಿ ಮುಗಿದು ಅತ್ತೆ ಬಂದಳು, ಅತ್ತೆಯ ಹಿಂದೆ ಅತ್ತೆಯ ತಂಗಿ ಬಂದಳು. ಕನ್ನಡಕದವನು ಎಲ್ಲರ ಸಕ್ಕರೆ ಕಾಯಿಲೆಯನ್ನೂ ಹೆಸರು ಹಿಡಿದು ಕೇಳಿದ. ಸ್ಪ್ರಿಂಗಣ್ಣನೂ ಸೋಲಲಿಲ್ಲ. ಅವನ ಭಾವನ ಮನೆಯ ಬೆಕ್ಕು ಮರಿ ಹಾಕಿತೆಂದು ಕೇಳಿ, ಮರಿಗಳ ಬಣ್ಣವನ್ನೂ ವಿಚಾರಿಸಿದ.

ಮಧ್ಯಾಹ್ನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಇಬ್ಬರಿಗೂ ಊಟ ಬಂತು. ಉಳಿದದ್ದು ಒಂದೇ ಮೊಟ್ಟೆ. ಸ್ಪ್ರಿಂಗಣ್ಣ ಅದನ್ನು ಅವನ ತಟ್ಟೆಗೆ ಹಾಕಿದ, ಅವನು ಇವನ ತಟ್ಟೆಗೆ ಹಾಕಿದ. ಏಳು ಸಲ ಓಡಾಡಿ ಸುಸ್ತಾದ ಮೊಟ್ಟೆ ಎಂಟನೇ ಸಲ ಜಾರಿ ಮೇಜಿನ ಕೆಳಗೆ ಹೋಯಿತು. ಅದನ್ನೆತ್ತಲು ಇಬ್ಬರೂ ಬಗ್ಗಿದರು, ತಲೆಗೆ ತಲೆ ಡಿಕ್ಕಿಯಾಯಿತು. ಸ್ಪ್ರಿಂಗಣ್ಣನಿಗೆ ಏಳಲಾಗಲಿಲ್ಲ.

"ಮೊಣಕಾಲಾ ಸಾರ್?" ಎಂದ ಕನ್ನಡಕದವನು, ಮೇಜಿನ ಕೆಳಗಿಂದಲೇ. "ಎಷ್ಟು ದಿನದಿಂದ ಈ ನೋವು ಒಬ್ಬರೇ ತಿಂತಾ ಇದೀರಿ?" ಹಾಗೆಂದು ಪ್ಯಾಂಟಿನ ತುದಿ ಮಡಿಸಿ, ಎರಡೂ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತತೊಡಗಿದ.

ಆ ಮೊಣಕಾಲಿನ ಸದ್ದಿಗೆ ಮನೆಯವರು ನಗುತ್ತಿದ್ದರು, ಆಫೀಸಿನವರು ಅದರಿಂದಲೇ ಅವನು ಬಂದನೆಂದು ತಿಳಿಯುತ್ತಿದ್ದರು. ನೋಯುತ್ತದೆಯೇ ಎಂದು ಕೇಳಿದವರಿಲ್ಲ. ಸ್ಪ್ರಿಂಗಣ್ಣ ಮೇಜಿನ ಕೆಳಗೆ ಕೂತು, ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ.

ಕಾವಲುಗಾರ ಅಷ್ಟರಲ್ಲಿ ಅರ್ಧ ಕಾರ್ಖಾನೆಯನ್ನು ಬಾಗಿಲಿಗೆ ಸೇರಿಸಿದ್ದ. "ನಾನು ಬೆಳಿಗ್ಗೆಯೇ ಅಂದ್ಕೊಂಡೆ. ಚಿಕ್ಕಂದಿನಲ್ಲಿ ತಪ್ಪಿಹೋದ ಅಣ್ತಮ್ಮಂದಿರು ಇವರು. ಮೂಗು ನೋಡಿ." ಎಲ್ಲರೂ ಮೂಗು ನೋಡಿದರು. ಸ್ವಾಗತದ ಮೇಜಿನ ಅಕ್ಕ ಕಣ್ಣೊರೆಸಿಕೊಂಡು, "ಇವರನ್ನ ಯಾರೂ ಮಾತಾಡಿಸಬೇಡಿ" ಎಂದು ಅಪ್ಪಣೆ ಮಾಡಿದಳು.

ಸಂಜೆ ಐದಕ್ಕೆ ಇಬ್ಬರೂ ಹೊರಬಿದ್ದರು. ಸಾಹೇಬರು ನನ್ನ ಅಂಗೈಯಲ್ಲಿದ್ದಾರೆ, ಕೆಲಸ ಉಳಿಯಿತು, ಎಂದುಕೊಂಡ ಸ್ಪ್ರಿಂಗಣ್ಣ.

"ನಿಮ್ಮನ್ನ ಬಿಟ್ಟು ಬರ್ತೀನಿ ಸಾರ್."

"ನಾನೇ ನಿಮ್ಮನ್ನ ಬಿಟ್ಟು ಬರ್ತೀನಿ. ಈ ಕಾಲಿಟ್ಕೊಂಡು ಒಬ್ಬರೇ ಹೋಗೋದಾ?"

ಸ್ಪ್ರಿಂಗಣ್ಣ ತನ್ನ ಕಾರ್ಖಾನೆಯ ಕಡೆಗೆ ಎಡಕ್ಕೆ ತಿರುಗಿದರೆ ಅವನೂ ಎಡಕ್ಕೆ. ಪೆಟ್ರೋಲ್ ಬಂಕಿನ ಹತ್ತಿರ ಬಲಕ್ಕೆಂದರೆ ಅವನೂ ಬಲಕ್ಕೆ. ಒಮ್ಮೊಮ್ಮೆ ಅವನೇ ಮೊದಲು ತಿರುಗುತ್ತಿದ್ದ. ನನ್ನ ದಾರಿ ನನ್ನ ಬಾಯಿಂದ ಹೇಳಿಸಲೂ ಬಿಡದ ಪುಣ್ಯಾತ್ಮ, ಎಂದು ಸ್ಪ್ರಿಂಗಣ್ಣನಿಗೆ ಮತ್ತೆ ಕಣ್ಣು ತುಂಬಿತು. ಸ್ಪ್ರಿಂಗ್ ಕಾರ್ಖಾನೆಯ ಮೆಟ್ಟಿಲನ್ನು ಇಬ್ಬರೂ ಕೈ ಕೈ ಹಿಡಿದೇ ಹತ್ತಿದರು.

ಧಣಿಯ ಬಾಗಿಲು ತೆರೆದು ಇಬ್ಬರೂ ಒಬ್ಬರನ್ನೊಬ್ಬರು ತೋರಿಸುತ್ತಾ ಒಟ್ಟಿಗೇ ಹೇಳಿದರು: "ಧಣಿ, ಖರೀದಿ ಸಾಹೇಬರನ್ನೇ ಕರ್ಕೊಂಡು ಬಂದಿದೀನಿ."

ಇಬ್ಬರೂ ಹಿಡಿದ ಕೈ ಬಿಟ್ಟರು.

ಧಣಿ ಫೋನೆತ್ತಿ ಕುರ್ಚಿ ಕಾರ್ಖಾನೆಗೆ ಮಾತಾಡಿ ಕೆಳಗಿಟ್ಟ. "ಸಾಹೇಬರು ಹಿಂದಿನ ಗೇಟಿಂದ ಬಂದು ಬೆಳಿಗ್ಗೆಯಿಂದ ಒಬ್ಬರೇ ಕೂತಿದ್ರಂತೆ. ಒಬ್ಬರೂ ಹೇಗಿದೀರಿ ಅಂತ ಕೇಳಲಿಲ್ಲವಂತೆ."

"ಇವರು ಯಾರು ಧಣಿ?" ಎಂದ ಸ್ಪ್ರಿಂಗಣ್ಣ.

"ನಿನ್ನೆ ಸಂಜೆ ಸೇರಿಸ್ಕೊಂಡೆ. ನಿನ್ನಿಂದ ಆಗದಿದ್ರೆ ಅಂತ ಇವನನ್ನೂ ಕಳಿಸಿದ್ದೆ. ನನ್ನ ಹತ್ರ ಇರೋದು ಒಂದೇ ಜಾಗ." ಧಣಿ ಇಬ್ಬರ ಮುಖವನ್ನೂ ತಕ್ಕಡಿಯಲ್ಲಿಟ್ಟವನಂತೆ ನೋಡಿದ. "ಅಲ್ಲಿ ಯಾರೋ ಅತ್ತರಂತೆ, ಯಾರದು?"

ಸ್ಪ್ರಿಂಗಣ್ಣ ಸುಳ್ಳು ಹೇಳಬಹುದಿತ್ತು. ಆದರೆ ಕಣ್ಣು ಇನ್ನೂ ಕೆಂಪಗಿತ್ತು.

"ಹಾಗಾದ್ರೆ ಗೆದ್ದವನು ಇವನು," ಎಂದ ಧಣಿ. "ನೀನು ಗಿರಾಕಿ."

ಕನ್ನಡಕದವನು ಬಾಯಿಬಿಟ್ಟು ಏನೋ ಹೇಳಹೋದ. ಧಣಿ ಕೈಯೆತ್ತಿ ತಡೆದ.

ಮಾರನೆಯ ದಿನ ಲೆಕ್ಕ ಚುಕ್ತಾ ಆದಮೇಲೆ ಕನ್ನಡಕದವನೇ ಸ್ಪ್ರಿಂಗಣ್ಣನ ಚೀಲ ಹೊತ್ತು ಬಸ್ಸಿನವರೆಗೆ ಬಂದ. ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟು, ಮಗಳ ಪರೀಕ್ಷೆ ಯಾವಾಗ ಎಂದು ಕೇಳಿದ. ಸ್ಪ್ರಿಂಗಣ್ಣ ಸಿಟ್ಟು ಬರಿಸಿಕೊಳ್ಳಲು ಎಷ್ಟು ಹೆಣಗಿದರೂ ಬರಲಿಲ್ಲ, ಪರೀಕ್ಷೆಯ ತಾರೀಖು ಹೇಳಿದ. ಹತ್ತೊಂಬತ್ತು ವರ್ಷದ ಕೆಲಸ ಬಿಟ್ಟು ಅವನು ಹೊರಟದ್ದು ಹೀಗೆ, ಗುರುವಾರ, ಹನ್ನೊಂದರ ಬಸ್ಸಿಗೆ.